ಅಮ್ಮನ ಉಗುರಿನಲ್ಲಿ ಒಡೆದ ಉಣ್ಣಿಗಳು

ಅಮ್ಮ ಉಣ್ಣಿ ಕುಕ್ಕುವುದನ್ನು ನೋಡಿದರೆ ನನಗೆ ಹೇಸಿಗೆಯಾಗುತ್ತಿತ್ತು, ಆದರೂ ನೋಡದೆ ಇರಲು ಆಗುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಹಿತ್ತಲಿನ ಚಪ್ಪಡಿ ಕಲ್ಲಿನ ಮೇಲೆ ಕೂತು, ಹಸುವನ್ನು ಹತ್ತಿರ ಕಟ್ಟಿಕೊಂಡು, ಅದರ ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಬೆರಳಾಡಿಸುತ್ತಿದ್ದಳು. ಸಿಕ್ಕಿದ್ದನ್ನು ಕಿತ್ತು ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಇಟ್ಟು ಒತ್ತುತ್ತಿದ್ದಳು. ಚಿಟ್ ಎಂದು ಸದ್ದಾಗಿ ರಕ್ತ ಹಾರುತ್ತಿತ್ತು. ಸೆರಗಿಗೆ ಒರೆಸಿಕೊಂಡು ಮತ್ತೆ ಕೈ ಹಾಕುತ್ತಿದ್ದಳು. ಚಿಪ್ಪಿನಲ್ಲಿ ಸೀಮೆಎಣ್ಣೆ ಇಟ್ಟುಕೊಂಡು ಅದರೊಳಗೆ ಹಾಕಬಾರದೇ ಎಂದು ಅಪ್ಪ ಬದುಕಿದ್ದಾಗ ಬೈಯುತ್ತಿದ್ದ. "ಸೀಮೆಎಣ್ಣೆಗಾಕಿದ್ರೆ ಸತ್ತಿದ್ದು ಗೊತ್ತಾಗಕಿಲ್ಲ. ಉಗುರಲ್ಲಾದ್ರೆ ಗೊತ್ತಾಯ್ತದೆ" ಎನ್ನುತ್ತಿದ್ದಳು.

ಉಣ್ಣಿಗಳಲ್ಲಿ ಜಾತಿಗಳಿವೆ ಎಂಬುದು ನನಗೆ ಗೊತ್ತಾಗಿದ್ದು ಶಾಲೆಯಲ್ಲಲ್ಲ, ಆ ಕಲ್ಲಿನ ಮೇಲೆ. ಹಸುವಿನ ಮೈಮೇಲೆ ಬೂದು ನೀಲಿ ಬಣ್ಣಕ್ಕೆ ಊದಿಕೊಂಡು, ಹರಳು ಬೀಜದ ಹಾಗೆ ನೇತಾಡುವುದನ್ನು ಅಮ್ಮ ಹರಳುಣ್ಣಿ ಎನ್ನುತ್ತಿದ್ದಳು. ಇನ್ನೊಂದು ಸ್ವಲ್ಪ ದೊಡ್ಡದು, ಕಂದು ಬಣ್ಣದ್ದು, ಅದರ ಕಾಲುಗಳ ಮೇಲೆ ಬಿಳಿ ಪಟ್ಟಿಗಳಿರುತ್ತಿದ್ದವು. ಅದಕ್ಕೆ ಬಳೆಗಾಲು ಎಂದು ಹೆಸರಿಟ್ಟಿದ್ದಳು. ಬಳೆಗಾಲು ಸುಮ್ಮನೆ ನೇತಾಡುವುದಿಲ್ಲ, ಕೊಟ್ಟಿಗೆಯ ನೆಲದ ಮೇಲೆ ಓಡಿ ಬಂದು ಹತ್ತುತ್ತದೆ. ಮೂರನೆಯದು ನಾಯಿ ಉಣ್ಣಿ. ಒಂದೇ ಸಮ ಕಂದು, ಹಸಿದಾಗ ಚಪ್ಪಟೆ, ಎಳ್ಳಿಗಿಂತ ಕೊಂಚ ದಪ್ಪ. ಹೊಟ್ಟೆ ತುಂಬಿದ ಮೇಲೆ ನಾಯಿಯನ್ನು ಬಿಟ್ಟು ಗೋಡೆ ಹತ್ತಿ ಬಿರುಕಿನಲ್ಲಿ ಸೇರಿಕೊಂಡು ಮೊಟ್ಟೆಯಿಡುತ್ತದೆ. ಗೋಡೆ ಹತ್ತುವ ಉಣ್ಣಿ ಕಂಡರೆ ಅದು ನಾಯಿಯದೇ ಎಂದು ಅಮ್ಮ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಅದರ ಬಗ್ಗೆ ಅವಳಿಗೆ ಭಯವೂ ಇರಲಿಲ್ಲ, ಗೌರವವೂ ಇರಲಿಲ್ಲ.

ನಮ್ಮದು ಪುಟ್ಟೇನಹಳ್ಳಿ. ಯಲಹಂಕದ ಕಡೆಯ ಪುಟ್ಟೇನಹಳ್ಳಿ ಎಂದು ಈಗ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಆಟೋದವರು ಊರಿನ ಇನ್ನೊಂದು ತುದಿಗೆ ಕರೆದುಕೊಂಡು ಹೋಗುತ್ತಾರೆ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಅಣ್ಣ ನಾಲ್ಕಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾನೆ. ಕೆಳಗೆ ಪಾರ್ಕಿಂಗು, ಅದರ ಹಿಂದೆ ಅವನ ಸ್ವಂತ ಮನೆ, ಅಮ್ಮನೂ ಅಲ್ಲೇ. ನಾನು ಮದುವೆಯಾಗಿ ಸಹಕಾರನಗರಕ್ಕೆ ಹೋದವಳು, ಅಲ್ಲೊಂದು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಿರಾಕಿಗಳೂ ಹೇಳುತ್ತಾರೆ, ನನ್ನ ಗಂಡನೂ ಹೇಳುತ್ತಾನೆ. ಹೇಳಲಿ.

ಅಣ್ಣ ಕೆಟ್ಟವನಲ್ಲ. ಬಿಳಿ ಶರ್ಟು ಹಾಕಿಕೊಂಡ ದಿನದಿಂದ ಅವನಿಗೆ ಸಗಣಿ ಎಂದರೆ ನಾಚಿಕೆಯಾಗತೊಡಗಿತು, ಅಷ್ಟೇ. ಬಾಡಿಗೆಗೆ ಬಂದವರು ವಾಸನೆ ಎಂದು ಗೊಣಗಿದಾಗ, ಹಸುಗಳನ್ನು ಚಿಕ್ಕಬಾಣಾವರದ ನೆಂಟರ ಮನೆಗೆ ಕಳಿಸಿಬಿಟ್ಟೆ ಎಂದು ಎಲ್ಲರಿಗೂ ಹೇಳಿದ. ಹಸುಗಳು ಎಲ್ಲಿಗೂ ಹೋಗಲಿಲ್ಲ. ಪಕ್ಕದ ಖಾಲಿ ಸೈಟಿನ ಸುತ್ತ ಕಟ್ಟಡದವರ ಹಸಿರು ಪರದೆ ಕಟ್ಟಿಸಿ, ಒಳಗೆ ಶೀಟು ಹಾಕಿಸಿ, ಹಸುಗಳನ್ನು ಅಲ್ಲಿ ನಿಲ್ಲಿಸಿದ. ಏನೋ ಕಟ್ಟುತ್ತಿದ್ದಾರೆ ಎಂದು ಜನ ಅಂದುಕೊಂಡರು. ಹಸು ಮಾರಿಬಿಡು ಎಂದರೆ ಅಮ್ಮ ಊಟ ಬಿಡುತ್ತಿದ್ದಳು, ಹಾಗಾಗಿ ಈ ಏರ್ಪಾಡು. ಜೊತೆಗೊಂದು ಬೀದಿ ನಾಯಿ. ಅಮ್ಮ ಅನ್ನ ಹಾಕಿ ಸಾಕಿದ್ದು, ಪಾರ್ಕಿಂಗಿನ ಕಂಬದ ಬುಡದಲ್ಲಿ ಮಲಗುತ್ತಿತ್ತು. ಬಾಡಿಗೆಯವರು ಕೇಳಿದರೆ ಅಣ್ಣ, "ನಮ್ದಲ್ಲಾರೀ, ಎಲ್ಲಿಂದಲೋ ಬರುತ್ತೆ" ಎನ್ನುತ್ತಿದ್ದ.

ಆಗ ನಮ್ಮಲ್ಲಿ ಮೂರು ಹಸುಗಳಿದ್ದವು. ಅದರಲ್ಲೊಂದು ಕಪ್ಪು ಬಿಳಿ ಸೀಮೆ ಹಸು ಒಂದು ಬೇಸಿಗೆಯಲ್ಲಿ ಮೇವು ಬಿಟ್ಟಿತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ದನದ ಡಾಕ್ಟರು ಬಂದು ಭುಜದ ಮುಂದೆ ಗೆಡ್ಡೆಯ ಹಾಗೆ ಊದಿದ ಗಂಟನ್ನು ಒತ್ತಿ ನೋಡಿದರು, ರೆಪ್ಪೆ ಬಿಡಿಸಿ ಒಳಗಿನ ಬಿಳಿಚಿದ ಬಣ್ಣ ತೋರಿಸಿದರು. ಕೊಟ್ಟಿಗೆಯ ನೆಲದಿಂದ ಒಂದು ಬಳೆಗಾಲನ್ನು ಹೆಕ್ಕಿ, ಇದೇ ಈ ಜ್ವರ ತರುವುದು, ಸೀಮೆ ಹಸುಗಳಿಗೆ ಇದನ್ನು ತಡೆಯುವ ಶಕ್ತಿ ಕಡಿಮೆ ಎಂದರು. ಹರಳುಣ್ಣಿಯ ಕಾಯಿಲೆ ಬೇರೆಯಂತೆ, ಅದರಲ್ಲಿ ಹಸು ಕಾಫಿ ಡಿಕಾಕ್ಷನ್ ಬಣ್ಣದ ಉಚ್ಚೆ ಹೊಯ್ಯುತ್ತದೆ. ಅದನ್ನು ಅಮ್ಮ ಹಿಂದೆಯೇ ಕಂಡಿದ್ದಳು. ನಮ್ಮ ಹಸುವಿಗೆ ಇಂಜೆಕ್ಷನ್ ತಡವಾಯಿತು. ಮೂಗಿನಲ್ಲಿ ನೊರೆ ಬಂದು ಸತ್ತಿತು, ಪರದೆಯ ಒಳಗೇ.

"ನಾಯಿದು ಏನ್ ಮಾಡ್ತದೆ ಸಾಮಿ?" ಎಂದು ಅಮ್ಮ ಅವತ್ತು ಡಾಕ್ಟರನ್ನು ಕೇಳಿದ್ದಳು.

"ನಾಯಿಗೆ ಜ್ವರ ಬರುತ್ತೆ, ಮೂಗಲ್ಲಿ ರಕ್ತ ಸುರಿಯುತ್ತೆ. ನೀವು ಮಾತ್ರ ಹಿಂಗೆ ಉಗುರಲ್ಲಿ ಕುಕ್ಕಬೇಡಿ ಅಜ್ಜಿ. ಆ ರಕ್ತ ಮನುಷ್ಯರಿಗೂ ಒಳ್ಳೇದಲ್ಲ. ಗೋಡೆ ಬಿರುಕಿಗೆಲ್ಲ ಔಷಧಿ ಹೊಡೆಸಿ."

ಅಮ್ಮ ನಕ್ಕಳು. "ನಾಯಿ ಉಣ್ಣಿ ನಾಯಿಗೆ, ಅಸೀನ ಉಣ್ಣಿ ಅಸೀಗೆ. ನಮಗ್ಯಾಕೆ ಬತ್ತದೆ?"

ಅಣ್ಣನ ತಿಳಿವಳಿಕೆಯೂ ಇದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಉಣ್ಣಿಯಿಂದ ಮನುಷ್ಯರಿಗೆ ಬರುವುದು ಮಂಗನ ಕಾಯಿಲೆ, ಅದು ಮಲೆನಾಡಿನ ಕಾಡಿನದು, ಅದನ್ನು ಟಿವಿಯಲ್ಲಿ ನೋಡಿದ್ದೇನೆ ಎಂದ. ಇಲ್ಲಿ ಕಾಡೆಲ್ಲಿದೆ, ಇಲ್ಲಿರುವುದು ಏರ್‌ಪೋರ್ಟ್ ರೋಡು. ಕೊಟ್ಟಿಗೆಗೆ ಔಷಧಿ ಹೊಡೆಸಿದ. ಪಾರ್ಕಿಂಗಿಗೆ ಹೊಡೆಸಲಿಲ್ಲ. ವಾಸನೆ ಬಂದರೆ ಬಾಡಿಗೆಯವರು ಏಕೆ ಏನು ಎಂದು ಕೇಳುತ್ತಾರಲ್ಲ. ಬದಲಿಗೆ ಗೋಡೆಗೆ ಹೊಸ ಪೇಂಟು ಬಳಿಸಿದ. ಬಿರುಕುಗಳು ಪೇಂಟಿನ ಕೆಳಗೆ ಹಾಗೆಯೇ ಇದ್ದವು.

ವರ್ಷಕ್ಕೊಂದು ದಿನ ಮಾತ್ರ ಆ ಹಸಿರು ಪರದೆ ಸರಿಯುತ್ತಿತ್ತು. ಸಂಕ್ರಾಂತಿಯ ಸಂಜೆ ನಮ್ಮ ಬೀದಿಯಲ್ಲಿ ಡಾಂಬರಿನ ಮೇಲೆ ಹುಲ್ಲು ಹರಡಿ ಬೆಂಕಿ ಹಚ್ಚಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಆವತ್ತು ಅಣ್ಣ ರೇಷ್ಮೆ ಪಂಚೆ ಉಟ್ಟು, ಕೊಂಬಿಗೆ ಬಣ್ಣ ಹಚ್ಚಿದ ಹಸುಗಳ ಹಗ್ಗ ಹಿಡಿದು, ನೆಂಟರ ಮನೆಯಿಂದ ಹಬ್ಬಕ್ಕೆಂದು ತರಿಸಿದೆ ಎಂದು ಹೇಳಿಕೊಂಡು ಓಡಾಡುತ್ತಿದ್ದ. ಬಾಡಿಗೆಯವರು ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದರು. ಮಾರನೆಯ ದಿನ ಪರದೆ ಮತ್ತೆ ಬೀಳುತ್ತಿತ್ತು. ಅಮ್ಮ ಕಾಯಿಲೆ ಬಿದ್ದ ವರ್ಷ ನಾನೂ ಹೋಗಿದ್ದೆ. ಹಸುಗಳು ಬೆಂಕಿ ಹಾರಿದಾಗ ಅಮ್ಮ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. "ಉಣ್ಣಿ ಎಲ್ಲ ಸುಟ್ಟೋದ್ವು ಬಿಡು" ಎಂದಳು. ನಾಯಿಗೆ ಯಾರೂ ಕಿಚ್ಚು ಹಾಯಿಸುವುದಿಲ್ಲ. ಅದು ಕಂಬದ ಬುಡದಲ್ಲಿ ಕೆರೆದುಕೊಳ್ಳುತ್ತ ಮಲಗಿತ್ತು. ಹಬ್ಬದ ಗಲಾಟೆ ಮುಗಿದ ಮೇಲೆ ಅಮ್ಮ ಅದರ ಕಿವಿ ಬಿಡಿಸಿ, ಬೆರಳ ಸಂದಿ ಬಿಡಿಸಿ, ಒಂದೊಂದಾಗಿ ಕಿತ್ತು ಕುಕ್ಕಿದಳು. ಅವಳ ಹೆಬ್ಬೆರಳ ಬುಡದಲ್ಲಿ ಕುಡುಗೋಲು ತಗುಲಿದ ಹಸಿ ಗಾಯವಿತ್ತು. ಅದನ್ನು ನಾನು ನೋಡಿದ್ದು ನಿಜ, ಆದರೆ ಆಗ ಅದು ಬರೀ ಗಾಯವಾಗಿತ್ತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅಮ್ಮನಿಗೆ ಜ್ವರ ಬಂತು. ತಲೆ ಒಡೆದು ಹೋಗುವಂಥ ನೋವು. ಬೀದಿಯ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು. ಜ್ವರ ಇಳಿಯಲಿಲ್ಲ. ಆಮೇಲೆ ಮಣಿಕಟ್ಟಿನ ಹತ್ತಿರ ಸಣ್ಣ ಕೆಂಪು ಚುಕ್ಕೆಗಳು ಎದ್ದವು. ಅದನ್ನು ನೋಡಿ ಅಮ್ಮ ತಾನೇ ತೀರ್ಪು ಕೊಟ್ಟಳಂತೆ, "ಅಮ್ಮ ಬಂದೌಳೆ."

ನಮ್ಮ ಕಡೆ ಜ್ವರದ ಜೊತೆಗೆ ಮೈಮೇಲೆ ಗುಳ್ಳೆ ಎದ್ದರೆ ಅದು ದೇವಿ. ದೇವಿ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಔಷಧಿ ಕೊಡುವುದಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಮೈಗೆ ಅರಿಶಿನ ಬೇವು ಅರೆದು ಹಚ್ಚುತ್ತಾರೆ. ಅತ್ತಿಗೆ ಅಮ್ಮನ ಮಾತಿನಂತೆ ಅವಳ ಕೈಕಾಲಿಗೆಲ್ಲ ದಪ್ಪಗೆ ಅರಿಶಿನ ಬಳಿದರು. ನಾನು ಬರುತ್ತೇನೆ ಎಂದು ಫೋನು ಮಾಡಿದರೆ, "ಬರ್ಬೇಡ ಕಣೇ, ತಲೆಗೆ ಮೂರು ನೀರು ಹಾಕೋವರೆಗೂ ಬರಂಗಿಲ್ಲ" ಎಂದು ಅಣ್ಣ ತಡೆದ. ಅಜ್ಜಿಯ ವಯಸ್ಸಿನವಳಿಗೆ ಈಗೆಂಥ ದೇವಿ ಎಂದು ನಾನು ಫೋನಿನಲ್ಲೇ ರೇಗಿದೆ. ಅವನು ಫೋನು ಇಟ್ಟ. ಗುಳ್ಳೆಗಳಲ್ಲಿ ನೀರು ತುಂಬಲಿಲ್ಲ, ಒಣಗಲೂ ಇಲ್ಲ. ಅರಿಶಿನದ ಪದರದ ಕೆಳಗೆ ಅವು ಅಂಗೈಗೆ, ಅಂಗಾಲಿಗೆ ಹರಡುತ್ತಿದ್ದುದನ್ನು ಯಾರೂ ನೋಡಲಿಲ್ಲ.

ಅಮ್ಮ ಅಸಂಬದ್ಧ ಮಾತಾಡತೊಡಗಿದ ಮೇಲೆ ಅಣ್ಣ ಹೆದರಿ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಏನಾಯಿತೆಂಬುದನ್ನು ಅತ್ತಿಗೆ ಆಮೇಲೆ ನನಗೆ ಹೇಳಿದರು. ನೋಡಿದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಡೆಂಗ್ಯೂಗೆ ರಕ್ತ ಕಳಿಸಿದರು. ಕೈಗೆ ಹಚ್ಚಿದ್ದೇನು ಎಂದು ಕೇಳಿದ್ದಕ್ಕೆ ಅಣ್ಣ, ಹಬ್ಬದ ಅರಿಶಿನ ಎಂದ. ದೇವಿ ಎಂದು ಮನೆಯಲ್ಲೇ ಇಟ್ಟುಕೊಂಡಿದ್ದೆವು ಎಂದರೆ ಬೈಯುತ್ತಾರೆಂದು ಅವನಿಗೆ ಅಳುಕು. ಆಮೇಲೆ ಅವರು ಕೇಳಿದರು, "ಮನೇಲಿ ಹಸು, ನಾಯಿ ಏನಾದ್ರೂ ಸಾಕಿದ್ದೀರಾ? ಉಣ್ಣಿ ಏನಾದ್ರೂ ಕಚ್ಚಿತ್ತಾ?"

"ಇಲ್ಲ ಮೇಡಂ. ಅವನ್ನೆಲ್ಲ ಬಿಟ್ಟು ಎಷ್ಟೋ ವರ್ಷ ಆಯ್ತು. ನಮ್ದು ಬಿಲ್ಡಿಂಗ್ ಬಿಸ್ನೆಸ್ಸು."

ಡಾಕ್ಟರು ಅಮ್ಮನ ಕಡೆ ಬಗ್ಗಿ ಅದನ್ನೇ ಕೇಳಿದರು. ಅಮ್ಮನಿಗೆ ಆಗ ಸ್ವಲ್ಪ ಎಚ್ಚರವಿತ್ತು. ಮಗನ ಮುಖ ನೋಡಿದಳು. "ಇಲ್ಲ ಕಣವ್ವ, ಏನೂ ಇಲ್ಲ" ಎಂದಳು.

ಡೆಂಗ್ಯೂ ಇಲ್ಲವೆಂದು ಬಂತು. ಜ್ವರ ನಿಲ್ಲಲಿಲ್ಲ. ಆಸ್ಪತ್ರೆಗೆ ಹೋದ ಮೇಲೆ ದೇವಿಯ ಕಟ್ಟಳೆ ಮುಗಿಯಿತಲ್ಲ, ಮಾರನೆಯ ಬೆಳಿಗ್ಗೆ ನಾನು ಅಂಗಡಿಗೆ ಬೀಗ ಹಾಕಿ ಹೋದೆ. ಅಮ್ಮ ಕಣ್ಣು ಅರ್ಧ ಮುಚ್ಚಿ ಮಲಗಿದ್ದಳು. ಕೈಯೆಲ್ಲ ಅರಿಶಿನ ಒಣಗಿ ಸಿಪ್ಪೆ ಎದ್ದಿತ್ತು. ಇದೇನು ಅವತಾರ ಎಂದು ಬೈಯುತ್ತಲೇ ಒದ್ದೆ ಬಟ್ಟೆ ತಂದು ಒರೆಸಲು ಕೂತೆ. ಬಟ್ಟೆ ಹಳದಿಯಾಗುತ್ತ ಹೋಯಿತು, ಅಂಗೈ ಕಾಣುತ್ತ ಬಂತು. ಅಂಗೈ ತುಂಬ ನೇರಳೆ ಬಣ್ಣದ ಚುಕ್ಕೆಗಳು. ಅಂಗಾಲಿನಲ್ಲೂ ಅದೇ. ಬೆರಳ ತುದಿಗಳು ಕಪ್ಪಾಗಿದ್ದವು, ಮುಟ್ಟಿದರೆ ತಣ್ಣಗಿದ್ದವು. ಅಷ್ಟು ಜ್ವರದ ಮೈಯಲ್ಲಿ ಅದೊಂದೇ ತಣ್ಣಗಿದ್ದದ್ದು. ನಾನು ಕಿರುಚಿದೆನಂತೆ. ನರ್ಸು ಓಡಿ ಬಂದಳು, ಹಿಂದೆಯೇ ಡಾಕ್ಟರು.

ಅವರು ಅಂಗೈ ನೋಡಿದರು, ಅಂಗಾಲು ನೋಡಿದರು, ಹೆಬ್ಬೆರಳ ಬುಡದ ಗಾಯ ನೋಡಿದರು. ನಮ್ಮೆಲ್ಲರ ಮುಖ ನೋಡುತ್ತ ಮತ್ತೆ ಅದೇ ಪ್ರಶ್ನೆ ಕೇಳಿದರು.

"ಇದಾವಲ್ಲ ಮೇಡಂ" ಎಂದೆ ನಾನು. "ಎರಡು ಹಸು, ಒಂದು ನಾಯಿ."

ಅಣ್ಣ ತಕ್ಷಣ ಮುಂದೆ ಬಂದ. "ಅವನ್ನ ಚಿಕ್ಕಬಾಣಾವರಕ್ಕೆ ಕಳಿಸಿದೀವಿ ಮೇಡಂ. ಇವಳು ಇರೋದು ಸಹಕಾರನಗರದಲ್ಲಿ, ಇವಳಿಗೆ ಗೊತ್ತಿಲ್ಲ."

ಹೇಳಿ ಹೇಳಿ ಆ ಸುಳ್ಳು ಅವನ ನಾಲಿಗೆಗೆ ಒಗ್ಗಿಹೋಗಿತ್ತು. ಅಲ್ಲಿ ನಿಂತಿದ್ದ ಬೇರೆ ರೋಗಿಗಳ ಕಡೆಯವರ ಮುಂದೆ ಅದು ತಾನಾಗಿಯೇ ಹೊರಗೆ ಬಂತು. ನಾನು ಬಾಯಿ ತೆಗೆಯುವುದರೊಳಗೆ ಗೋಡೆಗೆ ಒರಗಿ ನಿಂತಿದ್ದ ಅತ್ತಿಗೆ ಮಾತಾಡಿದರು. ಮದುವೆಯಾದಾಗಿನಿಂದ ಅವರು ನಾಲ್ಕು ಜನರ ಎದುರಿಗೆ ಅಣ್ಣನ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ.

"ಬೆಳಿಗ್ಗೆ ನಾನೇ ಸಗಣಿ ಬಾಚಿ ಬಂದಿದೀನಿ ಮೇಡಂ. ನಾಯೀನೂ ಐತೆ. ಅತ್ತೆ ದಿನಾ ಅದರ ಉಣ್ಣಿ ಉಗುರಲ್ಲಿ ಕುಕ್ತಾರೆ."

"ನಿನ್ನೆ ಹೇಳಿದ್ರೆ..." ಎಂದು ಶುರು ಮಾಡಿದ ಡಾಕ್ಟರು ಮಾತು ಮುಗಿಸಲಿಲ್ಲ. ನರ್ಸಿಗೆ ಔಷಧಿಯ ಹೆಸರು ಹೇಳಿ ಕಳಿಸಿದರು.

ಆಮೇಲೆ ಕಾರಿಡಾರಿನಲ್ಲಿ ನಮಗೆ ಬಿಡಿಸಿ ಹೇಳಿದರು. ಇದು ನಾಯಿ ಉಣ್ಣಿಯಿಂದ ಬರುವ ಒಂದು ಜ್ವರ. ಉಣ್ಣಿ ಕಚ್ಚಿದರೂ ಬರಬಹುದು, ಅದನ್ನು ಕುಕ್ಕಿದ ಕೈಯ ಗಾಯದಿಂದಲೂ ಒಳಗೆ ಹೋಗಬಹುದು. ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಕಾಡು ಬೇಕಿಲ್ಲ, ನಾಯಿ ಮತ್ತು ಗೋಡೆ ಇದ್ದರೆ ಸಾಕು. ಅಂಗೈ ಅಂಗಾಲಿನಲ್ಲಿ ಚುಕ್ಕೆ ಏಳುವುದು ಇದರ ದೊಡ್ಡ ಗುರುತು. ಬೇಗ ಗುರುತಿಸಿದರೆ ಎಲ್ಲ ಮೆಡಿಕಲ್ ಶಾಪುಗಳಲ್ಲೂ ಸಿಗುವ ಸಾಧಾರಣ ಔಷಧಿಗೇ ಬಗ್ಗುತ್ತದೆ. ತಡವಾದರೆ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಅಣ್ಣ ಎಲ್ಲದಕ್ಕೂ ತಲೆಯಾಡಿಸುತ್ತ ಕೇಳಿದ. ಅವನ ಬಿಳಿ ಶರ್ಟಿನ ಬೆನ್ನು ಬೆವರಿನಿಂದ ತೊಯ್ದಿತ್ತು. ಆ ಗಳಿಗೆಯಲ್ಲಿ ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ.

ಜ್ವರ ಇಳಿಯಿತು. ಅಮ್ಮ ಉಳಿದಳು. ಬೆರಳುಗಳು ಉಳಿಯಲಿಲ್ಲ. ಕಪ್ಪು ತುದಿಯಿಂದ ಮೇಲಕ್ಕೆ ಹತ್ತುತ್ತ ಹೋಯಿತು, ಸುಟ್ಟ ಬದನೆಕಾಯಿಯ ಹಾಗೆ ಸುಕ್ಕಾಯಿತು. ಎಲ್ಲಿ ನಿಲ್ಲುತ್ತದೋ ನೋಡೋಣ ಎಂದು ಡಾಕ್ಟರುಗಳು ಕಾದರು, ನಾವೂ ಕಾದೆವು, ದಿನಾ ಬೆಳಿಗ್ಗೆ ಅಮ್ಮನ ಕೈ ನೋಡಲು ಧೈರ್ಯ ಸಾಲದೆ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದೆವು. ಕೊನೆಗೆ ಆಪರೇಷನ್ ಮಾಡಿದರು. ಬಲಗೈಯ ಬೆರಳುಗಳೆಲ್ಲ ಅರ್ಧಕ್ಕೆ ಹೋದವು. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದವು. ಬ್ಯಾಂಡೇಜು ಬಿಚ್ಚಿದ ದಿನ ಅಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇನ್ನ ಆಲು ಕರೆಯೋದು ಯಾರು?" ಎಂದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಹಾಲು ಕರೆಯುವ ಪ್ರಶ್ನೆ ಉಳಿಯಲಿಲ್ಲ. ಅವಳು ಮನೆಗೆ ಬರುವಷ್ಟರಲ್ಲಿ ಅಣ್ಣ ಹಸುಗಳನ್ನು ಮಾರಿದ್ದ, ಈ ಸಲ ನಿಜವಾಗಿ. ನಾಯಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಎಲ್ಲಿಯೋ ಬಿಟ್ಟು ಬಂದಿದ್ದ. ಅದು ಎಲ್ಲಿ ಎಂದು ಅಮ್ಮ ಕೇಳಿದಾಗಲೆಲ್ಲ ಅವನು ಬೇರೆ ಮಾತು ತೆಗೆಯುತ್ತಿದ್ದ. ಹಸಿರು ಪರದೆ ಬಿಚ್ಚಿ ಸೈಟು ಗುಡಿಸಿಸಿದ. ಪಾರ್ಕಿಂಗಿಗೆ ಔಷಧಿ ಹೊಡೆಸು ಎಂದು ನಾನು ಹೇಳಿದರೆ, "ನಾಯೀನೇ ಇಲ್ವಲ್ಲ, ಇನ್ನೇನು" ಎಂದ. ನಾಯಿ ಉಣ್ಣಿ ತಿಂಗಳುಗಟ್ಟಲೆ ಉಪವಾಸ ಬಿದ್ದುಕೊಂಡು ಕಾಯುತ್ತದೆ ಎಂದು ದನದ ಡಾಕ್ಟರು ಅಂದು ಹೇಳಿದ್ದು ನನಗೆ ನೆನಪಿತ್ತು. ಜಗಳವಾಡಿದೆ. ಅವನು ಒಪ್ಪಲಿಲ್ಲ.

ಅಮ್ಮನಿಗೆ ಈಗ ಯಾರಾದರೂ ಊಟ ಮಾಡಿಸಬೇಕು. ಚಮಚ ಕೊಟ್ಟರೆ ಎಸೆಯುತ್ತಾಳೆ. ಮುದ್ದೆಯನ್ನು ಯಾರು ಚಮಚದಲ್ಲಿ ತಿನ್ನುತ್ತಾರೆ? ನಾನು ಭಾನುವಾರ ಹೋದಾಗ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವಳ ಬಾಯಿಗಿಡುತ್ತೇನೆ. "ದಪ್ಪ ಮುರೀಬೇಡ್ವೇ, ನಾನೇನು ಕೋಣನಾ?" ಎಂದು ಬೈಯುತ್ತಾಳೆ. ಆ ಬೈಗುಳ ಕೇಳಿದರೆ ನನಗೆ ಸಮಾಧಾನ.

ಹೋದ ಭಾನುವಾರ ನಾವು ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಬಾಡಿಗೆ ಮನೆ ನೋಡಲು ಒಬ್ಬಾಕೆ ಬಂದಳು. ಕಂಕುಳಲ್ಲಿ ಬಿಳಿ ಜೂಲು ನಾಯಿಯೊಂದನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದಳು. ಅಣ್ಣ ಮೇಲಿನ ಮನೆ ತೋರಿಸಿ ಕೆಳಗೆ ಕರೆದುಕೊಂಡು ಬಂದ. ಆಕೆಗೆ ಮನೆ ಹಿಡಿಸಿತ್ತು. ಅಮ್ಮನ ಕೈ ಕಂಡು, ಪಾಪ ಮರುಕದಿಂದಲೇ, "ಏನಾಯ್ತು ಅಜ್ಜಿ ಕೈಗೆ?" ಎಂದು ಕೇಳಿದಳು.

ಅಮ್ಮ ಅಣ್ಣನ ಕಡೆ ನೋಡಲೂ ಇಲ್ಲ. ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡವಳ ಹಾಗೆ, "ಶುಗರ್ರು ಕಣವ್ವ. ಸಕ್ಕರೆ ಕಾಯಿಲೆ" ಎಂದಳು.

ಅಮ್ಮನಿಗೆ ಸಕ್ಕರೆ ಕಾಯಿಲೆ ಯಾವತ್ತೂ ಇರಲಿಲ್ಲ. ಅಣ್ಣ ನೆಲ ನೋಡುತ್ತ ನಿಂತ. ಆಕೆ ನಾಯಿಯನ್ನು ಕೆಳಗಿಳಿಸಿದಳು. ಅದು ನೇರವಾಗಿ ಹೋಗಿ, ಹಳೆಯ ನಾಯಿ ಮಲಗುತ್ತಿದ್ದ ಕಂಬದ ಬುಡವನ್ನು ಮೂಸಿ, ಅಲ್ಲೇ ಮೈ ಚಾಚಿ ಮಲಗಿತು. ನನಗೆ ತಡೆಯಲಾಗಲಿಲ್ಲ.

"ಶುಗರ್ ಅಲ್ಲ ಕಣ್ರೀ. ಉಣ್ಣಿ. ಇಲ್ಲಿ ಈ ಗೋಡೆ ತುಂಬ ಇದಾವೆ. ನಾಯಿ ಎತ್ಕೊಳ್ಳಿ ಮೊದಲು."

ಆಕೆ ನಾಯಿಯನ್ನು ಬಾಚಿಕೊಂಡು, ಅಣ್ಣನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, ಫೋನ್ ಮಾಡ್ತೀನಿ ಎಂದು ಹೇಳಿ ಹೋದಳು. ಫೋನು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣನಿಗಿಂತ ಮೊದಲು ನನ್ನ ಮೇಲೆ ಹರಿಹಾಯ್ದದ್ದು ಅಮ್ಮ.

"ಬೆರಳು ನಂದು. ಓದ್ರೆ ನಂದು ಓಯ್ತು. ಮಗನ ಮಾನ ಯಾಕೆ ತೆಗೀತೀಯೇ, ಮೂದೇವಿ?"

ಸಂಜೆ ಅತ್ತಿಗೆ ಬಿಸಿ ಮುದ್ದೆ ಬಡಿಸಿದರು. ನಾನು ಎಂದಿನಂತೆ ಅಮ್ಮನ ತಟ್ಟೆಯ ಮುಂದೆ ಕೂತು ಮುರಿಯಲು ಹೋದೆ. ಅವಳು ಮೊಣಕೈಯಿಂದ ನನ್ನ ಕೈಯನ್ನು ತಳ್ಳಿದಳು. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಅರ್ಧ ಬೆರಳುಗಳ ಬಲಗೈಯನ್ನು ಸುಡುವ ಮುದ್ದೆಗೆ ಒತ್ತಿದಳು. ಒಂದು ತುಂಡು ಹೇಗೋ ಅಂಗೈಗೆ ಅಂಟಿತು. ಅದನ್ನು ಸಾರಿಗೆ ಅದ್ದಿ ಮೇಲೆತ್ತುವಾಗ ಜಾರಿ ಸೀರೆಯ ಮೇಲೆ ಬಿತ್ತು. ಇನ್ನೊಮ್ಮೆ ಒತ್ತಿದಳು, ಅದೂ ಬಿತ್ತು. ಎದುರಿಗೆ ಅಣ್ಣ ತಲೆ ಬಗ್ಗಿಸಿಕೊಂಡು ಕೂತಿದ್ದ, ಅವನ ತಟ್ಟೆಯ ಮುದ್ದೆ ಹಾಗೆಯೇ ಇತ್ತು. ನಮ್ಮಲ್ಲಿ ಯಾರಿಗೂ ಅವಳ ಕೈ ಹಿಡಿಯುವ ಧೈರ್ಯ ಬರಲಿಲ್ಲ.